ಮೊದಲು ಶುಕ್ರವಾರ ಗೊತ್ತುಮಾಡಿ: ಒಮಾನ್‌ನಲ್ಲಿ ಎಂಟು ದಿನ

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಮಕ್ಕಳಿಗೆ ರಜೆ. ಎಂಟು ದಿನ ಒಮಾನ್‌ಗೆ ಹೋಗಿಬರೋಣ ಅಂತಿದ್ದೇವೆ. ನಾನು, ನಮ್ಮ ಯಜಮಾನರು, 14 ಮತ್ತು 11 ವರ್ಷದ ಇಬ್ಬರು ಮಕ್ಕಳು, ಜೊತೆಗೆ 68 ವರ್ಷದ ನಮ್ಮತ್ತೆ. ಅವರಿಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು. ನಾವಿಬ್ಬರೂ ಕಾರು ಓಡಿಸುತ್ತೇವೆ, ಆದರೆ ಹೊರದೇಶದಲ್ಲಿ ಓಡಿಸಿ ಗೊತ್ತಿಲ್ಲ. ಮರಳುಗಾಡು, ಬೆಟ್ಟ, ಸಮುದ್ರ ಮೂರೂ ನೋಡುವ ಆಸೆ. ಸಲಾಲಾ ಸೇರಿಸಿಕೊಳ್ಳಬಹುದೇ? ದುಬೈಗೂ ಹೋಗಿ ಬರಬಹುದೇ? ಫೋರ್‌ವೀಲ್ ಗಾಡಿಯೇ ಬೇಕೇ? (ಮೈಸೂರಿನ ಓದುಗರೊಬ್ಬರು)

ಉತ್ತರ: ಕೊನೆಯ ಮೂರು ಪ್ರಶ್ನೆಗಳಿಗೆ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಸಲಾಲಾ ಬೇಡ, ದುಬೈ ಬೇಡ, ಫೋರ್‌ವೀಲ್ (ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿ) ಬೇಕು, ಆದರೆ ಎಂಟೂ ದಿನ ಬೇಡ.

ಸಲಾಲಾ ಮಸ್ಕತ್‌ನಿಂದ ಸುಮಾರು 1,000 ಕಿ.ಮೀ. ದಕ್ಷಿಣಕ್ಕಿದೆ. ಚಿತ್ರಗಳಲ್ಲಿ ಕಾಣುವ ಹಸಿರು ಗುಡ್ಡ, ಮಂಜು, ಜಲಪಾತ ಎಲ್ಲ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ‘ಖರೀಫ್’ ಕಾಲದವು. ನಮ್ಮ ಕರಾವಳಿಗೆ ಮಳೆ ತರುವ ಅದೇ ನೈರುತ್ಯ ಮಾರುತದ ಅಂಚು ಧೋಫಾರ್ ಬೆಟ್ಟಸಾಲಿಗೆ ತಗುಲಿ ಅಲ್ಲಿ ಜಡಿಮಳೆ ಹಿಡಿಯುತ್ತದೆ. ಡಿಸೆಂಬರ್‌ನಲ್ಲಿ ಹೋದರೆ ಸಿಗುವುದು ಒಣಗಿದ ಗುಡ್ಡ ಮತ್ತು ಒಳ್ಳೆಯ ಕಡಲತೀರ. ಕಡಲತೀರ ನಿಮಗೆ ಉತ್ತರದಲ್ಲೇ ಸಿಗುತ್ತದೆ. ಇನ್ನು ಜೂನ್‌ನಲ್ಲಿ ಕೊಡಗು ನೋಡುವವರು ಮೈಸೂರಿನಲ್ಲೇ ಇದ್ದೀರಲ್ಲ!

ದುಬೈಗೆ ಬೇರೆ ವೀಸಾ ಬೇಕು. ಬಾಡಿಗೆ ಕಾರನ್ನು ಗಡಿ ದಾಟಿಸಲು ಕಂಪನಿಯ ಒಪ್ಪಿಗೆ ಪತ್ರ, ಬೇರೆ ವಿಮೆ ಬೇಕು. ಹೋಗಿ ಬರಲು ಎರಡು ದಿನ ರಸ್ತೆಯಲ್ಲೇ ಕಳೆಯುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರು ಬರೆಸಿಕೊಂಡವರು ಕರ್ನಾಟಕದಲ್ಲಿ ಬಹಳ. ಅಂಥ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದನ್ನು ಯುಎಇ 2022ರ ನವೆಂಬರ್‌ನಿಂದ ಬಿಗಿ ಮಾಡಿದೆ. ಅತ್ತೆಯವರ ಪಾಸ್‌ಪೋರ್ಟ್ ತೆಗೆದು ನೋಡಿ, ಹಾಗಿದ್ದರೂ ಇರಬಹುದು.

ಈಗ ಶುಕ್ರವಾರದ ಮಾತು. ಒಮಾನ್‌ನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಪ್ರವಾಸ ಕೆಡುವುದು ಬಹುಮಟ್ಟಿಗೆ ಈ ಒಂದು ಸಂಗತಿ ಮರೆತಾಗ. ಮಸ್ಕತ್‌ನ ಸುಲ್ತಾನ್ ಖಾಬೂಸ್ ದೊಡ್ಡ ಮಸೀದಿಗೆ ಮುಸ್ಲಿಮೇತರರಿಗೆ ಶನಿವಾರದಿಂದ ಗುರುವಾರದವರೆಗೆ, ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ ಪ್ರವೇಶ. ಶುಕ್ರವಾರ ಇಲ್ಲವೇ ಇಲ್ಲ. ನಿಜ್ವಾದ ಆಡಿನ ಸಂತೆ ನಡೆಯುವುದು ಶುಕ್ರವಾರ ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕಿ ಸಂಜೆ ನಾಲ್ಕರ ಮೇಲೆ ತೆರೆಯುತ್ತವೆ. ಶುಕ್ರವಾರ, ಶನಿವಾರ ಒಮಾನಿ ಕುಟುಂಬಗಳೆಲ್ಲ ಚಾಪೆ, ಒಲೆ, ಮಾಂಸ ಕಟ್ಟಿಕೊಂಡು ನೀರಿರುವ ಕಡೆಗೆ ಹೊರಡುತ್ತವೆ. ವಾದಿಗಳಲ್ಲಿ, ಅಂದರೆ ಬೆಟ್ಟದ ಹಳ್ಳಗಳಲ್ಲಿ, ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಹಾಗಾಗಿ ಮಸೀದಿ ವಾರದ ನಡುವೆ, ನಿಜ್ವಾ ಶುಕ್ರವಾರ, ಮರಳುಗಾಡು ಶನಿವಾರ, ನೀರಿನ ಜಾಗಗಳು ಭಾನುವಾರ ಮತ್ತು ಸೋಮವಾರ ಬರುವಂತೆ ಕೂರಿಸಿದರೆ ಉಳಿದದ್ದೆಲ್ಲ ತಾನಾಗಿ ಹೊಂದುತ್ತದೆ. ಇದಕ್ಕೆ ಮಂಗಳವಾರ ಇಳಿದು ಮುಂದಿನ ಮಂಗಳವಾರ ಹೊರಡುವ ವಿಮಾನ ಹಿಡಿಯಿರಿ. ಟಿಕೆಟ್ಟಿನಲ್ಲಿ ಎರಡು ಮೂರು ಸಾವಿರ ಉಳಿಯುತ್ತದೆಂದು ಶುಕ್ರವಾರ ಇಳಿದರೆ ಇಡೀ ಸರಣಿ ತಲೆಕೆಳಗಾಗುತ್ತದೆ.

ಬೆಂಗಳೂರಿನಿಂದ ಮಸ್ಕತ್‌ಗೆ ನೇರ ವಿಮಾನಗಳಿವೆ, ಪಯಣ ಮೂರೂವರೆ ಗಂಟೆಯ ಆಸುಪಾಸು. ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ.

ಹೊರಡುವ ಮುಂಚಿನ ಕೆಲಸ

ವೀಸಾ ರಾಯಲ್ ಒಮಾನ್ ಪೊಲೀಸರ ಇ-ವೀಸಾ ತಾಣದ ಮೂಲಕ ಆಗುತ್ತದೆ. 10 ದಿನದ ಪ್ರವಾಸಿ ವೀಸಾಕ್ಕೆ 5 ರಿಯಾಲ್, 30 ದಿನದ್ದಕ್ಕೆ 20 ರಿಯಾಲ್. ನಿಮಗೆ ಹತ್ತು ದಿನದ್ದು ಧಾರಾಳ ಸಾಕು. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಜಪಾನ್ ಅಥವಾ ಶೆಂಗೆನ್ ದೇಶಗಳ ಚಾಲ್ತಿ ವೀಸಾ ಇರುವ ಭಾರತೀಯರಿಗೆ 14 ದಿನ ವೀಸಾ ಇಲ್ಲದೆಯೇ ಪ್ರವೇಶವಿದೆ. ಆದರೆ ಹೋಟೆಲ್ ಕಾದಿರಿಸಿದ ಪತ್ರ, ವಾಪಸ್ ಟಿಕೆಟ್, ಆರೋಗ್ಯ ವಿಮೆ ಕೈಯಲ್ಲಿರಬೇಕು. ಅರ್ಜಿ ಹಾಕುವ ದಿನವೇ ಆ ತಾಣದಲ್ಲಿ ನಿಯಮ ಇನ್ನೊಮ್ಮೆ ಓದಿ. ಗಲ್ಫ್ ದೇಶಗಳ ವೀಸಾ ನಿಯಮ ವರ್ಷಕ್ಕೊಮ್ಮೆಯಾದರೂ ಮಗ್ಗುಲು ಬದಲಿಸುತ್ತದೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಲಿ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಆರ್‌ಟಿಒ ಕಚೇರಿಯೇ ಕೊಡುತ್ತದೆ. ನಮೂನೆ 4ಎ, ವೈದ್ಯರ ಪ್ರಮಾಣಪತ್ರ, ಪಾಸ್‌ಪೋರ್ಟ್ ಮತ್ತು ಡಿಎಲ್ ಪ್ರತಿ, 1,000 ರೂಪಾಯಿ ಶುಲ್ಕ. ಒಂದು ವರ್ಷ ಚಾಲ್ತಿ. ಇಬ್ಬರೂ ಮಾಡಿಸಿಕೊಳ್ಳಿ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಬರೆಸಿ. ಇದು ಏಳನೇ ದಿನ ಕೆಲಸಕ್ಕೆ ಬರುತ್ತದೆ, ಯಾಕೆಂದು ಮುಂದೆ ಹೇಳುತ್ತೇನೆ.

ಅತ್ತೆಯವರ ಮಾತ್ರೆ ಡಬ್ಬಿ ಒಮ್ಮೆ ಬಿಚ್ಚಿ ನೋಡಿ. ಮಂಡಿನೋವಿಗೆ ಬರೆದುಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಔಷಧ ಇವೆಲ್ಲ ಅಲ್ಲಿ ನಿಯಂತ್ರಿತ ವಸ್ತುಗಳು. ಬೇರೆ ಮಾತ್ರೆ ಬರೆಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಆಗದಿದ್ದರೆ ವೈದ್ಯರ ಪತ್ರ, ಚೀಟಿ, ಮೂಲ ಪೊಟ್ಟಣ ಮೂರೂ ಜೊತೆಗಿರಲಿ. ಹಾಗೆಯೇ ಗಸಗಸೆ. ಗಲ್ಫ್‌ನ ಹಲವು ದೇಶಗಳು ಅದನ್ನು ಮಾದಕವಸ್ತುಗಳ ಸಾಲಿಗೆ ಸೇರಿಸಿವೆ. ಗಸಗಸೆ ಬಿದ್ದಿರುವ ಸಾಗು ಪುಡಿ, ಪಾಯಸದ ಪುಡಿ ಮನೆಯಲ್ಲೇ ಇರಲಿ.

ದುಡ್ಡಿನ ವಿಷಯದಲ್ಲಿ ನಮ್ಮ ಕಣ್ಣು ಮೋಸ ಮಾಡುತ್ತದೆ. ಒಂದು ರಿಯಾಲ್‌ಗೆ 100 ಅಲ್ಲ, 1,000 ಬೈಸಾ. ಅದಕ್ಕೇ ಬೆಲೆ ಚೀಟಿಯಲ್ಲಿ ಚುಕ್ಕೆಯ ಮುಂದೆ ಮೂರು ಅಂಕೆ. 2.500 ಅಂದರೆ ಎರಡೂವರೆ ರಿಯಾಲ್, ಎರಡೂವರೆ ಸಾವಿರ ಅಲ್ಲ. ರಿಯಾಲ್ ಅನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ, ಒಂದಕ್ಕೆ ಸುಮಾರು 2.60 ಡಾಲರ್. ಅಂದಿನ ಡಾಲರ್ ದರವನ್ನು 2.6ರಿಂದ ಗುಣಿಸಿದರೆ ರೂಪಾಯಿ ಲೆಕ್ಕ ಸಿಕ್ಕಿತು. ‘ಬರೀ ಹತ್ತು ರಿಯಾಲ್’ ಎಂದು ಮಕ್ಕಳು ಹೇಳಿದಾಗ ಈ ಗುಣಾಕಾರ ನೆನಪಿರಲಿ.

ಪ್ಲಗ್ ಬ್ರಿಟಿಷ್ ಮಾದರಿ, ಮೂರು ಚಪ್ಪಟೆ ಪಿನ್ನಿನದು. ನಮ್ಮ ದುಂಡು ಪಿನ್ನು ಹೋಗದು, ಎರಡು ಅಡಾಪ್ಟರ್ ಬೇಕು. ಸ್ವೆಟರ್ ಬೇಕು. ಮರಳುಗಾಡು ಎಂದರೆ ಸೆಕೆ ಎಂದುಕೊಂಡು ಬರೀ ಹತ್ತಿ ಬಟ್ಟೆ ತುಂಬಿಕೊಂಡು ಹೋದವರು ಡಿಸೆಂಬರ್ ರಾತ್ರಿ ಗುಡಾರದಲ್ಲಿ ಹೋಟೆಲ್ ಟವೆಲ್ ಹೊದ್ದು ಕೂರುತ್ತಾರೆ. ಮಸ್ಕತ್‌ನಲ್ಲಿ ಹಗಲು 25 ಡಿಗ್ರಿ ಆಸುಪಾಸು ಹಿತವಾಗಿರುತ್ತದೆ. ಮರಳಿನಲ್ಲಿ ರಾತ್ರಿ 15ಕ್ಕಿಂತ ಕೆಳಗಿಳಿಯುತ್ತದೆ, 2,000 ಮೀಟರ್ ಎತ್ತರದ ಜಬಲ್ ಅಖ್ದರ್ ಬೆಟ್ಟದ ಮೇಲೆ ಇನ್ನೂ ಕೆಳಗೆ.

ಗಾಡಿ

ಫೋರ್‌ವೀಲ್ ಎಲ್ಲಿ ನಿಜವಾಗಿ ಬೇಕು? ಎರಡು ಕಡೆ. ಜಬಲ್ ಅಖ್ದರ್ ಏರಲು ಬಿರ್ಕತ್ ಅಲ್ ಮೌಜ್ ಊರಿನ ಮೇಲೆ ಪೊಲೀಸ್ ತಪಾಸಣೆ ಇದೆ. ಫೋರ್‌ವೀಲ್ ಅಲ್ಲದ ಗಾಡಿಯನ್ನು ಬಿಡುವುದಿಲ್ಲ, ರಸ್ತೆ ಸೊಗಸಾದ ಡಾಂಬರಿನದಾದರೂ ಸರಿ. ಎರಡನೆಯದು ಮರಳು. ಉಳಿದ ನಿಜ್ವಾ, ಜಬ್ರೀನ್, ವಾದಿ ಬನಿ ಖಾಲಿದ್, ಸೂರ್, ರಾಸ್ ಅಲ್ ಜಿನ್ಸ್, ವಾದಿ ಶಾಬ್ ಎಲ್ಲಕ್ಕೂ ಸಾಮಾನ್ಯ ಕಾರು ಸಾಕು. ಇಬ್ಬರೇ ಇದ್ದಿದ್ದರೆ ಸಣ್ಣ ಕಾರು ತಗೊಂಡು, ಬೆಟ್ಟಕ್ಕೆ ಸ್ಥಳೀಯ ಚಾಲಕನನ್ನೂ ಮರಳಿಗೆ ಕ್ಯಾಂಪಿನವರ ಗಾಡಿಯನ್ನೂ ಹಿಡಿಯಿರಿ ಎನ್ನುತ್ತಿದ್ದೆ. ನೀವು ಐದು ಜನ, ಐದು ಪೆಟ್ಟಿಗೆ. ಏಳು ಸೀಟಿನ ಫೋರ್‌ವೀಲ್ ಒಂದೇ ಸರಿಯಾದ ಉತ್ತರ.

ಇಲ್ಲೊಂದು ಬಲೆ ಇದೆ. ಬುಕಿಂಗ್ ತಾಣಗಳಲ್ಲಿ ‘ಎಸ್‌ಯುವಿ, 7 ಸೀಟು’ ಎಂದು ಕಾಣುವ ಎಷ್ಟೋ ಗಾಡಿಗಳಲ್ಲಿ ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ. ನೋಡಲು ಎತ್ತರವಾಗಿ ಗತ್ತಾಗಿರುತ್ತದೆ, ತಪಾಸಣೆಯಲ್ಲಿ ವಾಪಸ್ ಕಳಿಸುತ್ತಾರೆ. ಕಂಪನಿಗೆ ಇಮೇಲ್ ಬರೆದು, ‘ಜಬಲ್ ಅಖ್ದರ್ ತಪಾಸಣೆ ದಾಟುವ ಫೋರ್‌ವೀಲ್’ ಎಂದು ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ಡಿಸೆಂಬರ್ ಕೊನೆಯ ವಾರ ಇಂಥ ಗಾಡಿಗೆ ದಿನಕ್ಕೆ 35ರಿಂದ 45 ರಿಯಾಲ್ ಹಿಡಿದು ಲೆಕ್ಕ ಹಾಕಿ. ಮುಂಗಡ ಠೇವಣಿಗೆ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕೆನ್ನುತ್ತಾರೆ, ಡೆಬಿಟ್ ಕಾರ್ಡ್ ನೆಚ್ಚಿಕೊಂಡು ಹೋಗಬೇಡಿ. ಗಾಡಿ ಪಡೆಯುವಾಗ ಸುತ್ತಲೂ ವಿಡಿಯೊ ತೆಗೆದಿಡಿ. ಒಂದು ಗೀರು ಬಿದ್ದರೂ ಪೊಲೀಸ್ ವರದಿ ಇಲ್ಲದೆ ವಿಮೆ ಬಾರದು. ಮರಳಿನಲ್ಲೂ ವಾದಿಯ ನೀರಿನಲ್ಲೂ ಆದ ಹಾನಿಗೆ ಸಾಮಾನ್ಯವಾಗಿ ವಿಮೆ ಇರುವುದೇ ಇಲ್ಲ. ಕರಾರಿನಲ್ಲಿ ಆ ಸಾಲು ಎಲ್ಲಿದೆ ಎಂದು ಕೇಳಿ ಓದಿ.

ಪೆಟ್ರೋಲ್ ಲೀಟರಿಗೆ 240 ಬೈಸಾ ಒಳಗೇ. ನಿಮ್ಮ ಸುತ್ತು ಹತ್ತಿರ ಹತ್ತಿರ 1,000 ಕಿ.ಮೀ. ಆಗುತ್ತದೆ, ದೊಡ್ಡ ಗಾಡಿಯಾದರೂ 30 ರಿಯಾಲಿನಲ್ಲಿ ಮುಗಿಯುತ್ತದೆ.

ಗಾಡಿಯನ್ನು ಮೊದಲ ದಿನ ತಗೊಳ್ಳಬೇಡಿ. ಮೂರನೇ ದಿನ ಮಸ್ಕತ್ ಬಿಡುವಾಗ ತಗೊಳ್ಳಿ. ಅಲ್ಲಿ ಓಡಿಸುವುದು ರಸ್ತೆಯ ಬಲಬದಿಯಲ್ಲಿ, ಸ್ಟೀರಿಂಗ್ ಎಡಕ್ಕೆ. ಇಂಡಿಕೇಟರ್ ಕಡ್ಡಿ ಸ್ಟೀರಿಂಗಿನ ಎಡಗಡೆ, ವೈಪರ್ ಬಲಗಡೆ. ಮೋಡವೇ ಇಲ್ಲದ ಆಕಾಶದ ಕೆಳಗೆ ವೈಪರ್ ಆಡಿಸುತ್ತ ಹೋಗುವ ಕಾರು ಕಂಡರೆ ನಮ್ಮವರೇ ಇರಬೇಕು. ವೃತ್ತದಲ್ಲಿ (ರೌಂಡ್ಅಬೌಟ್) ಒಳಗೆ ಸುತ್ತುತ್ತಿರುವ ಗಾಡಿಗೇ ಮೊದಲ ಹಕ್ಕು, ನಿಮ್ಮ ಎಡದಿಂದ ಬರುವವರನ್ನು ನೋಡಿ ನುಗ್ಗಬೇಕು. ಹೆದ್ದಾರಿಯ ಮಿತಿ 120, ಕ್ಯಾಮೆರಾ ದಂಡಿಯಾಗಿವೆ, ದಂಡ ನಿಮ್ಮ ಕಾರ್ಡಿಗೇ ಬರುತ್ತದೆ. ಸಂಜೆಯ ಮೇಲೆ ಊರ ಹೊರಗಿನ ರಸ್ತೆ ಬೇಡ. ಒಂಟೆಯ ಕಾಲು ಉದ್ದ. ಕಾರು ಗುದ್ದಿದರೆ ಅದರ ಮೈ ಬಾನೆಟ್ಟಿನ ಮೇಲಿಂದ ನೇರ ಮುಂದಿನ ಗಾಜಿಗೇ ಬರುತ್ತದೆ. ಡಿಸೆಂಬರ್‌ನಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ.

ಮಂಗಳವಾರ, ಬುಧವಾರ: ಮಸ್ಕತ್

ಇಳಿದ ಸಂಜೆ ಮತ್ರಾ. ಸಮುದ್ರದಂಚಿನ ರಸ್ತೆಯಲ್ಲಿ ನಡೆದು ಹಳೆಯ ಪೇಟೆಯೊಳಗೆ ಹೊಕ್ಕರೆ ಹೋಟೆಲಿಗೆ ಮರಳಲು ಹತ್ತು ಗಂಟೆಯಾಗುತ್ತದೆ. ಮೈಸೂರಿನವರಿಗೆ ಈ ಬಂದರು ಪರದೇಶವೇನಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸರ್ಕಾರದ ವ್ಯಾಪಾರದ ಕೋಠಿ ಮಸ್ಕತ್‌ನಲ್ಲಿತ್ತು, ಮಂಗಳೂರಿನ ಅಕ್ಕಿ ಇಲ್ಲಿಗೆ ಬರುತ್ತಿತ್ತು. ಅಂಗಡಿಗಳಲ್ಲಿ ಹಿಂದಿ ಸಲೀಸು, ಮಲಯಾಳಂ ಇನ್ನೂ ಸಲೀಸು, ತುಳು ಕಿವಿಗೆ ಬಿದ್ದರೂ ಬೆರಗಾಗಬೇಡಿ.

ಬುಧವಾರ ಎಂಟಕ್ಕೇ ಮಸೀದಿ ಬಾಗಿಲಲ್ಲಿರಿ. ಒಂಬತ್ತೂವರೆಗೆ ಪ್ರವಾಸಿ ಬಸ್ಸುಗಳು ಬಂದು ಸುರಿಯುತ್ತವೆ. ಹೆಂಗಸರಿಗೆ ತಲೆ, ತೋಳು, ಕಾಲು ಮುಚ್ಚಿರಬೇಕು. ಚೂಡಿದಾರ, ಉದ್ದ ತೋಳು, ದೊಡ್ಡ ದುಪಟ್ಟಾ ಸರಿಹೋಗುತ್ತದೆ. ಅತ್ತೆಯವರಿಗೆ ಸೀರೆಯಾದರೆ ಹೊಟ್ಟೆ, ತೋಳು ಕಾಣದಂತೆ ಮೇಲೊಂದು ಶಾಲು ಬೇಕು. ಗಂಡಸರಿಗೆ, ಹುಡುಗರಿಗೆ ಚಡ್ಡಿ ನಡೆಯದು. 2001ರಲ್ಲಿ ತೆರೆದ ಈ ಮಸೀದಿಯ ಗೋಡೆ ಭಾರತದಿಂದ ಹೋದ ಮರಳುಗಲ್ಲು. ಒಳಗಿನ ಒಂದೇ ತುಂಡಿನ ರತ್ನಗಂಬಳಿ ಇರಾನಿನ ನೇಕಾರರದು, ತೂಕ 21 ಟನ್. ಅಂಗಳ ವಿಶಾಲ, ನಡಿಗೆ ಬಹಳ, ಆದರೆ ಮೆಟ್ಟಿಲು ಕಡಿಮೆ. ಚಪ್ಪಲಿ ಬಿಟ್ಟು ನಡೆಯಬೇಕಾದ್ದರಿಂದ ಅತ್ತೆಯವರಿಗೆ ದಪ್ಪ ಸಾಕ್ಸ್ ಇರಲಿ.

ಮಧ್ಯಾಹ್ನ ಅಲ್ ಆಲಂ ಅರಮನೆ ಬಳಿಯ ರಾಷ್ಟ್ರೀಯ ಮ್ಯೂಸಿಯಂ. ಅದೇ ಆಸುಪಾಸಿನಲ್ಲಿ ಮೋತೀಶ್ವರ ಶಿವಾಲಯವಿದೆ, ನೂರು ವರ್ಷಕ್ಕೂ ಹಳೆಯದು. ಅರಬ್ ನೆಲದಲ್ಲಿ ಅರಮನೆಯ ಪಕ್ಕ ಶಿವನ ಗುಡಿ ಎಂದರೆ ಅತ್ತೆಯವರಿಗೆ ಅದೇ ದೊಡ್ಡ ನೆನಪಾದೀತು. ಊಟಕ್ಕೆ ರೂವಿ ಬಡಾವಣೆಗೆ ಹೋಗಿ, ಇಡ್ಲಿ, ದೋಸೆ, ಗುಜರಾತಿ ಥಾಲಿ ಎಲ್ಲ ಇದೆ. ಹಣ್ಣು, ಬ್ರೆಡ್ಡು, ಮೊಸರು ಇಲ್ಲೇ ಕಟ್ಟಿಕೊಳ್ಳಿ. ಮುಂದಿನ ಐದು ದಿನ ಸಸ್ಯಾಹಾರ ತೆಳುವಾಗುತ್ತದೆ.

ಗುರುವಾರ, ಶುಕ್ರವಾರ: ನಿಜ್ವಾ

ಮಸ್ಕತ್‌ನಿಂದ ನಿಜ್ವಾ 160 ಕಿ.ಮೀ. ಆಸುಪಾಸು, ಎರಡು ಗಂಟೆಯೊಳಗಿನ ಹೆದ್ದಾರಿ. ಬಲಬದಿಯ ಓಡಿಸುವಿಕೆ ಕೈಗೆ ಕೂರಲು ಇದಕ್ಕಿಂತ ಒಳ್ಳೆಯ ರಸ್ತೆ ಸಿಗದು. ಗುರುವಾರ ಮಧ್ಯಾಹ್ನ 17ನೇ ಶತಮಾನದ ಕೋಟೆ ನೋಡಿ. ದುಂಡು ಬುರುಜಿನ ಮೆಟ್ಟಿಲು ಕಡಿದು. ಅತ್ತೆಯವರು ಕೆಳಗಿನ ಕೋಣೆಗಳಲ್ಲೇ ಉಳಿಯಲಿ. ಅಲ್ಲೇ ಮಕ್ಕಳಿಗೆ ತೋರಿಸಬೇಕಾದ್ದೂ ಇದೆ. ಒಂದು ಕೋಣೆಯ ನೆಲ ಪೂರ್ತಿ ಏಣು ಏಣಾಗಿದೆ, ನಡುವೆ ಸಣ್ಣ ಕಾಲುವೆಗಳು. ಖರ್ಜೂರದ ಚೀಲಗಳನ್ನು ಅದರ ಮೇಲೆ ಸೂರಿನವರೆಗೆ ಪೇರಿಸುತ್ತಿದ್ದರು. ಮೇಲಿನ ಭಾರಕ್ಕೆ ಕೆಳಗಿನ ಚೀಲಗಳಿಂದ ಒಸರಿದ ರಸ ಕಾಲುವೆಗಿಳಿದು ಮೂಲೆಯ ಗಡಿಗೆಗೆ ಬರುತ್ತಿತ್ತು. ತಿನ್ನಲೂ ಅದೇ, ಶತ್ರು ಬಾಗಿಲಿಗೆ ಬಂದರೆ ಕುದಿಸಿ ಮೇಲಿನ ಕಂಡಿಯಿಂದ ತಲೆಗೆ ಸುರಿಯಲೂ ಅದೇ.

ರಾತ್ರಿ ನಿಜ್ವಾದಲ್ಲೇ ಉಳಿಯಿರಿ, ಸಾಧ್ಯವಾದರೆ ಕೋಟೆಗೆ ನಡೆದು ಹೋಗುವ ದೂರದಲ್ಲಿ. ಶುಕ್ರವಾರ ಏಳು ಗಂಟೆಗೆ ಸಂತೆಯಲ್ಲಿರಬೇಕು. ಒಂಬತ್ತರ ಹೊತ್ತಿಗೆ ಮುಗಿದಿರುತ್ತದೆ. ನಮ್ಮ ಸಂತೆಗಳಲ್ಲಿ ಕುರಿ ನಿಂತಿರುತ್ತದೆ, ಕೊಳ್ಳುವವ ಸುತ್ತುತ್ತಾನೆ. ಇಲ್ಲಿ ತಿರುವುಮುರುವು. ಮಾರುವವರು ಆಡಿನ ಹಗ್ಗ ಹಿಡಿದು, ಮರಿಯಾದರೆ ತೋಳಲ್ಲೆತ್ತಿಕೊಂಡು, ಒಂದು ದುಂಡು ಕಟ್ಟೆಯ ಸುತ್ತ ಬೆಲೆ ಕೂಗುತ್ತ ಸುತ್ತುತ್ತಾರೆ. ಕೊಳ್ಳುವವರು ಒಳಗೂ ಹೊರಗೂ ಎರಡು ಸಾಲಾಗಿ ಕೂತು, ಬೇಕಾದ್ದು ಎದುರಿಗೆ ಬಂದಾಗ ಕೈ ಚಾಚಿ ತಡೆಯುತ್ತಾರೆ. ತುಟಿ ಬಿಡಿಸಿ ಹಲ್ಲು ನೋಡುತ್ತಾರೆ, ಬೆನ್ನು ಒತ್ತುತ್ತಾರೆ, ಕೆಚ್ಚಲು ಮುಟ್ಟುತ್ತಾರೆ. ನೀವು ಆ ದಾರಿಯಲ್ಲಿ ನಿಲ್ಲಬೇಡಿ, ಕೊಂಬು ತಗುಲುತ್ತದೆ. ಗಂಡಸರ ಫೋಟೊಗೆ ಒಮ್ಮೆ ಸನ್ನೆ ಮಾಡಿ ಕೇಳಿ, ಮುಖವಾಡ ತೊಟ್ಟ ಬದೂ (ಮರಳುಗಾಡಿನ ಬುಡಕಟ್ಟಿನ) ಹೆಂಗಸರ ಫೋಟೊ ಬೇಡವೇ ಬೇಡ.

ಹತ್ತಕ್ಕೆ ಬಿರ್ಕತ್ ಅಲ್ ಮೌಜ್ ದಾರಿಯಲ್ಲಿ ಜಬಲ್ ಅಖ್ದರ್ ಏರಿ. ಅಲ್ ಐನ್, ಅಲ್ ಅಖರ್ ಹಳ್ಳಿಗಳ ಮೆಟ್ಟಿಲು ಗದ್ದೆಗಳಲ್ಲಿ ಗುಲಾಬಿ ಅರಳುವುದು ಏಪ್ರಿಲ್‌ನಲ್ಲಿ. ಡಿಸೆಂಬರ್‌ನಲ್ಲಿ ಬರೀ ಕಡ್ಡಿ. ಕಮರಿಯ ನೋಟಕ್ಕೆ, ತಂಪಿಗೆ ಹೋಗಿ. ಏರುವುದಕ್ಕಿಂತ ಇಳಿಯುವುದೇ ಕಷ್ಟ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅರ್ಧ ದಾರಿಗೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಹಿಡಿಯುವುದೇ ಇಲ್ಲ. ಆಟೊಮ್ಯಾಟಿಕ್ ಗಾಡಿಯಾದರೂ ಗೇರನ್ನು ಕೈಯಿಂದ ಎರಡಕ್ಕೋ ಒಂದಕ್ಕೋ ಇಳಿಸಿ, ಎಂಜಿನ್ನೇ ತಡೆಯುವಂತೆ ಮಾಡಿ. ಬ್ರೇಕ್ ಕೈಕೊಟ್ಟವರಿಗಾಗಿ ಇಳಿಜಾರಿನ ಬದಿಯಲ್ಲಿ ಮೇಲ್ಮುಖವಾಗಿ ಜಲ್ಲಿ ಹಾದಿಗಳನ್ನು ಕಟ್ಟಿದ್ದಾರೆ. ಅವು ಅಲಂಕಾರಕ್ಕಲ್ಲ.

ಬೆಟ್ಟ ಬೇಡವೆನಿಸಿದರೆ ಜಬ್ರೀನ್ ಕೋಟೆ ಮತ್ತು 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಬಹ್ಲಾ ಕೋಟೆ ಒಂದೇ ದಿಕ್ಕಿನಲ್ಲಿವೆ. ಆದರೆ ಶುಕ್ರವಾರ ಕೋಟೆಗಳ ಸಮಯ ಕಡಿತ, ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಶನಿವಾರ: ಮರಳು

ನಿಜ್ವಾದಿಂದ ಸಿನಾವ್ ಮೇಲೆ ಬಿದಿಯಾಕ್ಕೆ ಎರಡೂವರೆ ಗಂಟೆ. ಶರ್ಕಿಯಾ ಮರಳು, ಹಳೆಯ ಹೆಸರು ವಾಹಿಬಾ, ಸುಮಾರು 12,500 ಚದರ ಕಿ.ಮೀ. ಮೂರು ಗಂಟೆಗೆ ಕ್ಯಾಂಪ್ ಮುಟ್ಟುವಂತೆ ಹೊರಡಿ. ಕ್ಯಾಂಪುಗಳು ಬಿದಿಯಾದ ಪೆಟ್ರೋಲ್ ಬಂಕಿಗೆ ಕರೆಸಿ ಅಲ್ಲಿಂದ ಕರೆದೊಯ್ಯುತ್ತವೆ. ನನ್ನ ಸಲಹೆ: ಗಾಡಿ ಫೋರ್‌ವೀಲೇ ಆದರೂ ಅದನ್ನು ಹೊರಗೆ ನಿಲ್ಲಿಸಿ ಅವರ ಗಾಡಿಯಲ್ಲಿ ಹೋಗಿ. ಮರಳು ಮೊದಲ ಬಾರಿಗೆ, ಗಾಡಿ ಬಾಡಿಗೆಯದು, ವಿಮೆ ಇಲ್ಲ. 15–20 ರಿಯಾಲ್ ಉಳಿಸಲು ಮೂರೂ ಬಾಬತ್ತು ಪಣಕ್ಕಿಡಬೇಡಿ. ಯಜಮಾನರು ಓಡಿಸಿಯೇ ತೀರುತ್ತೇನೆ ಎಂದರೆ, ಕ್ಯಾಂಪಿನ ಗಾಡಿಯ ಹಿಂದೆ ಹಿಂದೆಯೇ, ಹೀಗೆ:

ಟೈರಿನ ಗಾಳಿಯನ್ನು 35 ಪಿಎಸ್‌ಐನಿಂದ 18ಕ್ಕೆ ಇಳಿಸಬೇಕು. ವಾಲ್ವಿನ ನಡುವಿನ ಕಡ್ಡಿಯನ್ನು ಕೀಲಿಯ ತುದಿಯಿಂದ ಒತ್ತಿ ಹಿಡಿಯಿರಿ, ಆಗಾಗ ಗೇಜ್ ಹಾಕಿ ನೋಡಿ. ಗಾಳಿ ಇಳಿದಾಗ ಟೈರು ಚಪ್ಪಟೆಯಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ, ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಮರಳಿನ ಮೇಲೆ ತೇಲುತ್ತದೆ. ಗಟ್ಟಿ ಟೈರು ಗುದ್ದಲಿಯಂತೆ ಕೆಳಕ್ಕೆ ತೋಡುತ್ತದೆ. ತೀರಾ ಇಳಿಸಿ ಚುರುಕಾಗಿ ಸ್ಟೀರಿಂಗ್ ತಿರುಗಿಸಿದರೆ ಟೈರು ರಿಮ್ಮಿನಿಂದಲೇ ಕಳಚಿಕೊಳ್ಳುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಆರಿಸಿ; ಚಕ್ರ ಜಾರಿದ ಕೂಡಲೇ ಅದು ಎಂಜಿನ್ನಿನ ಬಲ ಕತ್ತರಿಸುತ್ತದೆ, ಮರಳಿನಲ್ಲಿ ಬೇಕಾದ್ದು ಅದಕ್ಕೆ ವಿರುದ್ಧ. ನಿಲ್ಲಿಸುವಾಗ ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಿ, ಮೂತಿ ಇಳಿಜಾರಿಗಿರಲಿ. ದಿಬ್ಬದ ಓರೆಯಲ್ಲಿ ಅಡ್ಡಡ್ಡ ಹೋದರೆ ಗಾಡಿ ಉರುಳುತ್ತದೆ. ಹೂತಿತು ಎನ್ನಿಸಿದ ಕ್ಷಣವೇ ಆಕ್ಸಿಲರೇಟರ್ ಬಿಡಿ. ಇನ್ನೆರಡು ಸಲ ಒತ್ತಿದರೆ ಹೊಟ್ಟೆಯೇ ಮರಳಿಗೆ ಕೂರುತ್ತದೆ. ಚಕ್ರದ ಸುತ್ತ ಕೈಯಲ್ಲಿ ಬಗೆದು, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಮರುದಿನ ಬಿದಿಯಾದಲ್ಲಿ ಗಾಳಿ ತುಂಬಿಸದೆ ಡಾಂಬರಿಗೆ ಇಳಿಯಲೇಬಾರದು. ಮೆತ್ತಗಿನ ಟೈರಿನ ಪಕ್ಕೆ 100 ಕಿ.ಮೀ. ವೇಗದಲ್ಲಿ ಮಡಚಿ ಬಿಚ್ಚಿ ಕಾದು ಸಿಡಿಯುತ್ತದೆ.

ಕ್ಯಾಂಪನ್ನು ಮೂರು ತಿಂಗಳು ಮುಂಚೆಯೇ ಕಾದಿರಿಸಿ. ವರ್ಷದ ಕೊನೆಗೆ ದರ ಏರುತ್ತದೆ. ಕಾದಿರಿಸುವಾಗ ಮೂರು ಪ್ರಶ್ನೆ ಕೇಳಿ. ಕೋಣೆಗೇ ಅಂಟಿದ ಶೌಚಾಲಯ ಇದೆಯೇ? ಕಮೋಡ್ ಇದೆಯೇ? ಬೇಳೆ, ಅನ್ನ, ತರಕಾರಿ ಬೇರೆ ಪಾತ್ರೆಯಲ್ಲಿ ಕೊಡುತ್ತಾರೆಯೇ? ರಾತ್ರಿಯೂಟ ಬಹುತೇಕ ಕೆಂಡದ ಮೇಲಿನ ಮಾಂಸ. ಬೇಳೆ ಸೂಪಿಗೂ ಮಾಂಸದ ಸಾರು ಬೆರೆಸುವುದುಂಟು. ಖುಬ್ಜ್ ರಖಾಲ್ ಎಂಬ ಕಾಗದದಷ್ಟು ತೆಳ್ಳನೆಯ ಗರಿಗರಿ ರೊಟ್ಟಿ, ಜೇನು, ಮೊಸರು, ಹಮ್ಮಸ್, ಖರ್ಜೂರ ಇವನ್ನು ನೆಚ್ಚಿಕೊಳ್ಳಬಹುದು. ಕಾಫಿ ಹಿಡಿಗಾತ್ರದ ಬಟ್ಟಲಲ್ಲಿ ಬರುತ್ತದೆ, ಏಲಕ್ಕಿ ಹಾಕಿದ್ದು, ಸಕ್ಕರೆ ಇಲ್ಲ. ಬಲಗೈಯಲ್ಲಿ ತಗೊಳ್ಳಿ. ಸಾಕಾದಾಗ ಬಟ್ಟಲನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಅಲ್ಲಾಡಿಸಿ ಕೊಡಿ; ‘ಸಾಕು, ಸಾಕು’ ಎಂದು ಬಾಯಲ್ಲಿ ಹೇಳುತ್ತ ಬಟ್ಟಲು ಸುಮ್ಮನೆ ಚಾಚಿದರೆ ಮತ್ತೆ ತುಂಬುತ್ತಾರೆ.

ಭಾನುವಾರ, ಸೋಮವಾರ: ನೀರು

ವಾದಿ ಎಂದರೆ ನಮ್ಮ ಬಯಲುಸೀಮೆಯ ಹಳ್ಳ. ಹೆಚ್ಚಿನವು ವರ್ಷವೆಲ್ಲ ಕಲ್ಲು, ಮಳೆ ಬಿದ್ದ ದಿನ ಹೊಳೆ. ಉತ್ತರ ಒಮಾನ್‌ನಲ್ಲಿ ಮಳೆ ಬೀಳುವುದಿದ್ದರೆ ಹೆಚ್ಚಾಗಿ ಡಿಸೆಂಬರ್‌ನಿಂದ ಏಪ್ರಿಲ್ ಒಳಗೇ. ಐವತ್ತು ಕಿ.ಮೀ. ಆಚೆಯ ಬೆಟ್ಟದಲ್ಲಿ ಸುರಿದ ಮಳೆ ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಕೆಂಪಾಗಿ ಬಂದು ಬಡಿಯುತ್ತದೆ. ಬೋಳು ಬಂಡೆ ಒಂದು ಹನಿಯನ್ನೂ ಕುಡಿಯುವುದಿಲ್ಲವಲ್ಲ. 2024ರ ಏಪ್ರಿಲ್‌ನಲ್ಲಿ ಶಾಲಾ ಮಕ್ಕಳೂ ಸೇರಿ ಹಲವರು ಹೀಗೆ ಕೊಚ್ಚಿಹೋದರು. ಮುನ್ಸೂಚನೆಯಲ್ಲಿ ಮಳೆ ಎಂದಿದ್ದರೆ ವಾದಿ ಕೈಬಿಡಿ. ರಸ್ತೆಗೆ ಅಡ್ಡ ನೀರು ಹರಿಯುತ್ತಿದ್ದರೆ ಮುಂದಿನ ಗಾಡಿ ದಾಟಿತೆಂದು ನೀವು ಇಳಿಯಬೇಡಿ. ಅದು ಅಪಾಯವಷ್ಟೇ ಅಲ್ಲ, ಅಪರಾಧ. ತುರ್ತು ಕರೆಗೆ 9999.

ಭಾನುವಾರ ವಾದಿ ಬನಿ ಖಾಲಿದ್, ಇದು ಐವರಿಗೂ ಆಗುವ ಜಾಗ. ಕಾರು ನಿಲ್ಲಿಸಿದಲ್ಲಿಂದ ನೀರಿನ ಕಾಲುವೆ ಪಕ್ಕದ ಸಿಮೆಂಟು ಹಾದಿಯಲ್ಲಿ ಹತ್ತು ನಿಮಿಷ ನಡೆದರೆ ಹಸಿರು ನೀರಿನ ದೊಡ್ಡ ಹೊಂಡ, ನೆರಳು, ಊಟದ ಜಾಗ. ಈಜಲು ಇಳಿಯುವವರು ಟೀ ಶರ್ಟು, ಮೊಣಕಾಲು ಮುಚ್ಚುವ ಪ್ಯಾಂಟು ತೊಟ್ಟೇ ಇಳಿಯಬೇಕು. ಅಲ್ಲಿಂದ ಎರಡು ಗಂಟೆಯ ದಾರಿ ರಾಸ್ ಅಲ್ ಜಿನ್ಸ್. ಹಸಿರಾಮೆಗಳು ಮೊಟ್ಟೆಯಿಡಲು ದಡ ಹತ್ತುವುದನ್ನು ರಾತ್ರಿ ಮತ್ತು ನಸುಕಿನಲ್ಲಿ ಮಾರ್ಗದರ್ಶಕರೊಡನೆ ತೋರಿಸುತ್ತಾರೆ. ಆಮೆ ವರ್ಷವಿಡೀ ಬರುತ್ತವೆ, ಆದರೆ ಜಾತ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಡಿಸೆಂಬರ್‌ನಲ್ಲಿ ಒಂದೆರಡು ಕಂಡರೆ ಅದೃಷ್ಟ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಮರಳಿನಲ್ಲಿ ಕತ್ತಲಲ್ಲಿ ಸುಮಾರು ಒಂದು ಕಿ.ಮೀ. ನಡಿಗೆ, ಫ್ಲ್ಯಾಶ್ ಬಂದ್. ಅತ್ತೆಯವರು ಕೇಂದ್ರದ ಮ್ಯೂಸಿಯಂನಲ್ಲಿ ಉಳಿಯುವುದು ಲೇಸು. ಇಷ್ಟು ನಡಿಗೆ ಯಾರಿಗೂ ಬೇಡವಾದರೆ ಸೂರ್‌ನಲ್ಲೇ ತಂಗಿ, ಮರದ ಹಡಗು ಕಟ್ಟುವ ಅಂಗಳ ನೋಡಿ. ಮಲಬಾರಿನ ತೇಗ ತಂದು ಹಡಗು ಕಟ್ಟಿದ ಊರದು.

ಸೋಮವಾರ ಬೆಳಿಗ್ಗೆ ಮಸ್ಕತ್ ದಾರಿಯಲ್ಲಿ ವಾದಿ ಶಾಬ್. ಹೆದ್ದಾರಿ ಸೇತುವೆಯ ಕೆಳಗೆ ಕಾರು ನಿಲ್ಲಿಸಿ, ತಲೆಗೆ ಒಂದು ರಿಯಾಲ್ ಕೊಟ್ಟು ದೋಣಿಯಲ್ಲಿ ಆಚೆ ದಡ ಸೇರಿ, ಮುಕ್ಕಾಲು ಗಂಟೆ ಬಂಡೆ ಹಾದಿಯಲ್ಲಿ ನಡೆದು, ಆಮೇಲೆ ಹೊಂಡದಿಂದ ಹೊಂಡಕ್ಕೆ ಈಜಿ, ಕೊನೆಗೆ ತಲೆಯಷ್ಟೇ ತೂರುವ ಸೀಳಿನಲ್ಲಿ ನುಗ್ಗಿದರೆ ಗುಹೆಯೊಳಗೆ ಜಲಪಾತ. ಮೂರರಿಂದ ನಾಲ್ಕು ಗಂಟೆ ಬೇಕು. ಇದು ಅತ್ತೆಯವರಿಗೆ ಖಂಡಿತ ಆಗದು, 11 ವರ್ಷದ ಮಗುವಿಗೆ ಈಜು ಚೆನ್ನಾಗಿ ಬಾರದಿದ್ದರೆ ಆ ಮಗುವಿಗೂ ಆಗದು. ಹಾಗಾಗಿ ಯಜಮಾನರನ್ನೂ ದೊಡ್ಡ ಮಗುವನ್ನೂ ಎಂಟೂವರೆಗೆ ಅಲ್ಲಿ ಇಳಿಸಿ, ನೀವು ಉಳಿದಿಬ್ಬರನ್ನು ಕರೆದುಕೊಂಡು ಅದೇ ಹೆದ್ದಾರಿಯಲ್ಲಿ ಮುಂದಿರುವ ಬಿಮ್ಮಾ ಕುಸಿಗುಂಡಿಗೆ ಹೋಗಿ. ಎರಡನೇ ಚಾಲಕರ ಹೆಸರು ಬರೆಸಿದ್ದು ಇದಕ್ಕೇ. ಅಲ್ಲಿ ಉದ್ಯಾನ, ಶೌಚಾಲಯ ಇದೆ. ಗುಂಡಿಯ ನೀಲಿ ನೀರನ್ನು ಮೇಲಿನ ಕಟಾಂಜನದಿಂದಲೇ ನೋಡಬಹುದು, ಮೆಟ್ಟಿಲಿಳಿಯುವ ಹಂಗಿಲ್ಲ. ವಾದಿಯೊಳಗೆ ಫೋನ್ ಸಿಗ್ನಲ್ ಸಿಗುವುದಿಲ್ಲ, ‘ಒಂದು ಗಂಟೆಗೆ ಸೇತುವೆ ಕೆಳಗೆ’ ಎಂದು ಬಾಯಿಮಾತಿನಲ್ಲೇ ಗೊತ್ತುಮಾಡಿಕೊಳ್ಳಿ. ಕಾಲಿಗೆ ಒದ್ದೆಯಾಗಬಹುದಾದ, ಹಿಡಿತವಿರುವ ಬೂಟು ಬೇಕು. ಹವಾಯಿ ಚಪ್ಪಲಿಯವರೇ ಅಲ್ಲಿ ಹೆಚ್ಚಾಗಿ ಜಾರುವುದು. ಫೋನಿಗೆ ನೀರು ಹೋಗದ ಚೀಲ ಇಲ್ಲಿಂದಲೇ ಒಯ್ಯಿರಿ.

ಸಂಜೆಗೆ ಮಸ್ಕತ್. ಕತ್ತಲಾಗುವ ಮುಂಚೆ ಗಾಡಿ ಒಪ್ಪಿಸಿ, ಮರಳು, ಕೆಸರು ಮೆತ್ತಿದ್ದರೆ ಮೊದಲು ತೊಳೆಸಿ. ಅವರು ತೊಳೆಸಿ ಹಾಕುವ ಬಿಲ್ಲಿಗಿಂತ ಅಗ್ಗ. ಮತ್ರಾದಲ್ಲಿ ಲೋಬಾನ ಕೊಳ್ಳುವುದಾದರೆ ಹಸಿರು ಛಾಯೆಯ, ಬೆಳಕು ಹಾಯುವ ಹರಳು ಆರಿಸಿ, ಒಂದು ಚೂರು ಕೆಂಡಕ್ಕೆ ಹಾಕಿಸಿ ಮೂಸಿ. ಕಂದು ಬಣ್ಣದ ಪುಡಿಪುಡಿ ಕಡಿಮೆ ದರ್ಜೆಯದು. ಒಮಾನಿ ಹಲ್ವಾ ತುಪ್ಪ, ಸಕ್ಕರೆ, ಗಂಜಿಹಿಟ್ಟು, ಕೇಸರಿ, ಪನ್ನೀರು ಹಾಕಿ ಗಂಟೆಗಟ್ಟಲೆ ಕಲಕಿ ಮಾಡಿದ್ದು, ಅತ್ತೆಯವರೂ ತಿನ್ನಬಹುದು. ಆದರೆ ಅದೂ ಪನ್ನೀರಿನ ಬಾಟಲಿಯೂ ಚೆಕ್-ಇನ್ ಪೆಟ್ಟಿಗೆಗೇ ಹೋಗಲಿ. ಅಲುಗಾಡುವ ಹಲ್ವಾ ವಿಮಾನ ನಿಲ್ದಾಣದ ಕಣ್ಣಿಗೆ ದ್ರವದ ಲೆಕ್ಕ. ಕೈಚೀಲದಲ್ಲಿ ಇಟ್ಟುಕೊಂಡವರ ಹಲ್ವಾ ತಪಾಸಣೆಯ ಮೇಜಿನ ಮೇಲೇ ಉಳಿಯುತ್ತದೆ.